ಹಿಂತೆಗೆವ ಹದಿನಾಲ್ಕು ನಿಮಿಷ

ಎಂಟೂ ಮುಕ್ಕಾಲಿಗೆ ಬಾಗಿಲು ಅರ್ಧ ತೆರೆಯುತ್ತದೆ.
ಕೊಳ್ಳುವಂತಿಲ್ಲ, ಮಾರುವಂತಿಲ್ಲ.
ನಿನ್ನೆ ಇಟ್ಟುಹೋದ ಆರ್ಡರಿದ್ದರೆ
ವಾಪಸು ತೆಗೆಯಬಹುದು, ಅಷ್ಟೆ.
ಎಂಟು ಐವತ್ತೊಂಬತ್ತರ ತನಕ.

ಆಗ ನಾನು ಕುರ್ಲಾ ದಾಟಿರುತ್ತೇನೆ
ಹೆಂಗಸರ ಡಬ್ಬಿಯಲ್ಲಿ,
ಯಾರದೋ ಮಲ್ಲಿಗೆ ಮೂಗಿಗೆ ತಾಗುತ್ತ.
ರಮಣೀಕಭಾಯಿಯ ಕರೆ ತಪ್ಪುವುದಿಲ್ಲ:
'ಬೋಲ್ ಸುಗಂಧಿ, ಇವತ್ತೇನು ಹಿಂದೆ ತಗೊಂಡೆ?'

ಕಲ್ಬಾದೇವಿಯ ಮೂರನೇ ಮಹಡಿ,
ಹಗ್ಗ ಹಿಡಿದು ಹತ್ತುವ ಮರದ ಮೆಟ್ಟಿಲು.
ಫೋರ್ಟಿನ ರಾತ್ರಿಶಾಲೆ ಮುಗಿಸಿ
ಚೀಟಿ ಬರೆಯಲು ಸೇರಿದವಳಿಗೆ
ಮೊದಲ ಪಾಠ ಬೆಲೆಯದ್ದಲ್ಲ, ಗಡಿಯಾರದ್ದು.
'ಬೆಳ್ಳಿಗೆ ಮೂರು ಮನೆ ನೋಡು.
ಬೆಳಿಗ್ಗೆ ಶಾಂಘೈಯಲ್ಲಿ ತಲೆಬಗ್ಗಿಸಿ ನಡೆಯುತ್ತೆ.
ಲಂಡನ್ನು ಏಳುವ ತನಕ ತೂಕಡಿಕೆ.
ಸಂಜೆ ನ್ಯೂಯಾರ್ಕಿನ ಗಾಳಿ ಹೊಕ್ಕಿತೋ,
ಮೈಮೇಲೆ ಬಂದ ಹೆಂಗಸು.'
ಹೆಂಗಸೇ ಏಕೆ ಎಂದೆ.
'ಸರಿ, ಗಂಡಸು' ಎಂದು ತಿದ್ದಿಕೊಂಡರು.

ಹನ್ನೊಂದೂವರೆಗೆ ಮುಚ್ಚುವ ಪೇಟೆ
ಅಮೆರಿಕದವರು ಗಡಿಯಾರ ತಿರುಗಿಸಿದ ವಾರ
ಹನ್ನೊಂದು ಐವತ್ತೈದಕ್ಕೆ ಜಾರುತ್ತದೆ.
ಅಲ್ಲೆಲ್ಲೋ ಒಬ್ಬ ಮುಳ್ಳು ಸರಿಸಿದ್ದಕ್ಕೆ
ರಾತ್ರಿಪಾಳಿಯ ದಿನ ಭಾಂಡುಪಿನಲ್ಲಿ ನನ್ನ ಅನ್ನ
ಇಪ್ಪತ್ತೈದು ನಿಮಿಷ ಹೆಚ್ಚು ಆರುತ್ತದೆ.

ಎರಡನೇ ಪಾಠ ಕಡಲೆಕಾಯಿಯದು.
ಪರದೆಯ ಮೇಲೆ ಐದು ನಿಮಿಷಕ್ಕೊಂದು ಕಡ್ಡಿ ಮೂಡುತ್ತದಲ್ಲ,
ಹಸಿರೋ ಕೆಂಪೋ,
ಅದು ಪೂರ್ತಿಯಾಗುವ ತನಕ ಒಂದೇ ಕಾಯಿ ಸುಲಿಯಬೇಕು.
ತಿಂದು, ಕೈ ಒರೆಸಿ, ಆಮೇಲೆ ಕೀಬೋರ್ಡು.
ಮೊದಲ ತಿಂಗಳು ನಾನು ಸಿಪ್ಪೆ ಸಮೇತ ತಿಂದೆ.

ತಾಳಿದವನು ಬಾಳಿಯಾನು ಅಂತ
ನಮ್ಮಲ್ಲಿ ಗಾದೆಯಿದೆ ಎಂದೆ ಒಮ್ಮೆ.
ಅರ್ಥ ಕೇಳಿ ತಲೆದೂಗಿದರು.
'ತಾಳುವುದಕ್ಕೂ ಮಾರ್ಜಿನ್ ಬೇಕು, ಬೇಟಾ.
ಖಾಲಿ ಖಾತೆಯ ತಾಳ್ಮೆಗೆ ಬೇರೆ ಹೆಸರಿದೆ.'

ಹೆಸರೇನೆಂದು ಹೇಳಲಿಲ್ಲ.
ಮಾರ್ಚಿನಲ್ಲಿ ನಾನೇ ಕಂಡುಕೊಂಡೆ.
ಬೆಳ್ಳಿ ಮಿನಿ, ಒಂದು ಲಾಟು.
ಕಾಲುಂಗುರ ಬಿಟ್ಟರೆ ಬೆಳ್ಳಿ ಮುಟ್ಟದವಳು
ಐದು ಕಿಲೋದ ಒಡತಿ,
ಕಾಗದದ ಮೇಲೂ ಅಲ್ಲ, ಗಾಳಿಯಲ್ಲಿ.
ಮುಂದಿನ ತಿಂಗಳದ್ದು ಕೊಂಡರೂ
ಲೆಕ್ಕ ದಿನಾ ರಾತ್ರಿ ಚುಕ್ತಾ:
ಏರಿದಷ್ಟು ಬರುತ್ತದೆ, ಇಳಿದಷ್ಟು ಅವತ್ತೇ ಕೊಡಬೇಕು.
ಮೂರು ರಾತ್ರಿ ಕೊಟ್ಟೆ.
ನಾಲ್ಕನೆಯದಕ್ಕೆ ಸಾಲದೆ ಆಫೀಸಿನವರೇ ಕತ್ತರಿಸಿದರು.
ಐದನೆಯ ದಿನ ಬೆಳ್ಳಿ ಎದ್ದು ಕೂತಿತು,
ನಾನು ಹೇಳಿದ್ದ ಜಾಗದಲ್ಲೇ, ನಾನಿಲ್ಲದೆ.

ನನ್ನ ಮಾತೇ ಸರಿಯಾಯಿತು ಎಂದು
ರೈಲಿನಲ್ಲಿ ಯಾರಿಗೆ ಹೇಳುವುದು?

ರಮಣೀಕಭಾಯಿ ಈಗ ಬೊರಿವಲಿಯಲ್ಲಿ.
ಕಣ್ಣಿನ ಪೊರೆ ತೆಗೆಸಿದ ಮೇಲೆ ಪರದೆ ನಿಷಿದ್ಧ.
ಫೋನಿನಲ್ಲಿ ಹಳೆಯ ಕೂಗಾಟದ ಪೇಟೆ ತೆಗೆಯುತ್ತಾರೆ:
ಅಂಗೈ ಎದೆಯ ಕಡೆಗಿದ್ದರೆ ಕೊಡು ಎಂದು,
ಹೊರಗೆ ತಿರುಗಿದರೆ ತಗೋ ಎಂದು.
'ಕೈಕಟ್ಟಿ ನಿಂತವನನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.
ಊಟದ ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿದ್ದವನು ಅವನೊಬ್ಬನೇ.'
ಅವನು ನೀವೋ ಎಂದು ಕೇಳಿದೆ.
'ನಾನಾ? ಎರಡೂ ಕೈ ಮೇಲೆ!'

ಇವತ್ತು ಎಂಟು ಐವತ್ತಾರು.
ನಿನ್ನೆ ನಿದ್ದೆಗಣ್ಣಿನಲ್ಲಿ ಇಟ್ಟ ಒಂದು ಆರ್ಡರು ಹಾಗೇ ಇದೆ.
ಮಾರ್ಚಿನದ್ದನ್ನು ವಸೂಲು ಮಾಡಲು ಇಟ್ಟದ್ದು.
ರಾತ್ರಿ ಅದು ಲೆಕ್ಕಾಚಾರದಂತೆ ಕಂಡಿತ್ತು,
ಬೆಳಕಿನಲ್ಲಿ ನೋಡಿದರೆ ಬರೀ ಹಟ.
ಚಿಂಚ್‌ಪೋಕಳಿ ಸೇತುವೆಯ ಕೆಳಗೆ ಸಿಗ್ನಲ್ಲು ಹೋಯಿತು,
ಬಂತು. ಹೆಬ್ಬೆರಳು ಒತ್ತಿತು.

'ಏನು ತಗೊಂಡೆ?'
'ಒಂದು ಲಾಟು, ಭಾಯಿ.'
ಅವರು ಮಾತಾಡಲಿಲ್ಲ.
ಆ ಕಡೆ ಕಡಲೆಕಾಯಿ ಒಡೆದ ಸದ್ದು.
ಬೈಕಲಾ ಬಂತು. ಮಲ್ಲಿಗೆ ಇಳಿಯಿತು.
ಪೇಟೆ ತೆರೆಯಲು ಇನ್ನೂ ಎರಡು ನಿಮಿಷ.