ಮುಂದಿನ ಗಾಲಿಗೆ

ದಾರೂಖಾನಾದಾಗ ಸರಪಳಿ ಅಂದ್ರ ಹಡಗಿಂದು.
ಒಂದೊಂದು ಕೊಂಡಿ ಎಮ್ಮಿ ತಲಿಯಷ್ಟು,
ಉಪ್ಪು ತಿಂದು ಕೆಂಪಾಗಿ ನಮ್ಮ ಗಲ್ಲಿಗೆ ಬಂದು ಬೀಳ್ತಾವ.
ಕಿಲೋದಾಗ ತಗೋತೀನಿ, ಕಿಲೋದಾಗ ಕೊಡತೀನಿ.
ಅಪ್ಪ ಬಿಟ್ಟುಹೋದ ತಕ್ಕಡಿ,
ಅಪ್ಪ ಬಿಟ್ಟುಹೋದ ಬೈಗುಳ.

ಡಿಸೆಂಬರ್ ಮಧ್ಯಾಹ್ನ, ಬೆವರು ಇಳಿಯೂ ಹೊತ್ತು,
ಘಾಡಿಗಾಂವಕರ ಬಂದ. ಮೂವತ್ನಾಕು ವರ್ಷ
ಬೆಸ್ಟ್ ಬಸ್ಸಿನ ಸ್ಟೇರಿಂಗ್ ಹಿಡಿದ ಕೈ,
ಈಗ ಹಿಡಿಯಲಿಕ್ಕೆ ಏನೂ ಇಲ್ಲದೆ ಛತ್ರಿ ಹಿಡಿದಿತ್ತು.
ಹಿಂದ ಹೆಂಡತಿ ವೈಜಯಂತಿ.
"ಕೇಲಾಂಗಕ್ಕ ಹೊಂಟೀವಿ ಬಾಯಿ, ಜನವರಿಯಾಗ.
ಹಳೇ ಆಲ್ಟೋ. ಬರ್ಫದ ಮ್ಯಾಲ ಜಾರಬಾರದು."

ನನಗ ಬರ್ಫ ಅಂದ್ರ ಭಾವೂಚಾ ಧಕ್ಕಾ,
ಪಾಪ್ಲೆಟ್ ಮೀನಿನ ಹಾಸಿಗಿ.
ಆದ್ರೂ ಗಿರಾಕಿಗೆ ಇಲ್ಲ ಅನ್ನೂ ರೂಢಿ ಈ ಅಂಗಡ್ಯಾಗಿಲ್ಲ.
ಲುಧಿಯಾನಾಕ್ಕ ಫೋನ್ ಹಚ್ಚಿದೆ,
ಹತ್ತು ದಿನಕ್ಕ ನಾಕು ನಮೂನಿ ಬಂದ್ವು.

ಒಂದು, ಏಣಿಯಂಥಾದ್ದು, ದಪ್ಪ ಕಬ್ಬಿಣ.
ಅವನಿಗೆ ನೋಡಿದ ಕೂಡಲೇ ಮನಸ್ಸಾತು.
ಆಕಿ ಟೈರಿಗೂ ಮಡ್‌ಗಾರ್ಡಿಗೂ ನಡುವ
ಎರಡು ಬೆರಳು ಇಟ್ಟು ನೋಡಿದಳು. ಇಷ್ಟ ಜಾಗ.
ಏಣಿ ತಿರುಗಿದ್ರ ಬ್ರೇಕಿನ ಪೈಪ್ ಹರೀತದ.
ಇನ್ನೊಂದು ಶಂಕರಪೋಳಿ ಕೊರದಂಗ, ಓರೆ ಓರೆ ಮನಿ, ತೆಳ್ಳಗ.
ಮೂರನೇದು ತಂತಿ ಹಗ್ಗ, ಹಗುರ,
ಆದ್ರ ಗಟ್ಟಿ ಬರ್ಫಕ್ಕ ಹಲ್ಲಿಲ್ಲ ಅದಕ್ಕ.
ಕಡೇದು ಅರಿವಿ. ಗಾಲಿಗೆ ಕಾಲುಚೀಲ!
ಎದುರಿನ ಅಂಗಡಿ ಇದ್ರೀಸ್ ನಕ್ಕು ನಕ್ಕು ಚಹಾ ಚೆಲ್ಲಿದ.

"ಹಿಂದಿನ ಗಾಲಿಗೇ ಹಾಕೂದು," ಅಂದ ಡ್ರೈವರ್.
"ಅದು ಬಸ್ಸು. ಇದು ಮುಂದಿನಿಂದ ಎಳೀತದ," ಅಂದಳು.
ಕೈಯಾಗಿನ ಕಾಗದ ಅವನಿಗೆ ತೋರಸಲೇ ಇಲ್ಲ.
ಮೂವತ್ನಾಕು ವರ್ಷ ಸುಮ್ಮನಾದ್ವು.

ಆಮ್ಯಾಲ ಗೊತ್ತಾತು: ಅವನ ಮೊಳಕಾಲು ಮಡಚೂದಿಲ್ಲ.
ರಸ್ತಾದಾಗ ಕೂತು ಕಟ್ಟಾಕಿ ಆಕೀನ.

ಮರುದಿನ ಬೆಳಿಗ್ಗೆ ಧಕ್ಕಾದಿಂದ
ಎರಡು ಕೈಗಾಡಿ ಪುಡಿಬರ್ಫ ತರಸಿದಳು.
ಗಲ್ಲಿ ತುಂಬ ಹರವಿದ್ರು. ಮೀನಿನ ಹುರುಪಿ
ಬಿಸಿಲಿಗೆ ಮಿಂಚತಿದ್ವು. ನಾ ಕಂಡ ಮೊದಲ ಹಿಮ,
ಬೊಂಬಿಲ್ ವಾಸನಿದು.
ಆಲ್ಟೋ ಏರ್ತು, ಗಾಲಿ ಒಂದ ಕಡೆ ತಿರುಗಿ
ಬರ್ಫ ನನ್ನ ತಕ್ಕಡಿಗೆ ರಾಚಿತು.

ಆಕಿ ಕುಂತಳು, ಸೆರಗು ಸಿಕ್ಕಿಸಿ.
ಎರಡೂ ಕೈ ಬರ್ಫದಾಗ ಹುಗದು
ನೂರರ ತನಕ ಎಣಿಸಿದಳು, ಮರಾಠಿಯೊಳಗ, ಜೋರಾಗಿ.
ಎಪ್ಪತ್ತಕ್ಕ ತುಟಿ ಕಚ್ಚಿದಳು. ನಾವ್ಯಾರೂ ಮಾತಾಡಲಿಲ್ಲ.
ಆಮ್ಯಾಲ ಕಣ್ಣು ಮುಚ್ಚಿ,
"ಅಲ್ಲಿ ಐದಕ್ಕ ಕತ್ತಲ್ಯಾಗ್ತದ," ಅಂತ,
ಬೆಂಡಾದ ಬೆರಳಿಂದ ಕೊಕ್ಕಿ ಹುಡುಕಿದಳು.

ತಂತಿದು ಜಾರಿತು.
ಕಾಲುಚೀಲ ಏರ್ತು, ಆದ್ರ ಕೆಳಗಿನ ಡಾಂಬರು
ನಾಕು ಸುತ್ತಿಗೇ ಅದನ್ನ ತಿಂದು ತೂತು ಮಾಡಿತು.
ಶಂಕರಪೋಳಿ, ಮೊದಲಿಗೆ ತಪ್ಪಿತು,
ಮತ್ತೊಮ್ಮೆ ತಪ್ಪಿತು,
ಮೂರನೇ ಸಲಕ್ಕ ಟಕ್ ಅಂತು.
ಆ ಸದ್ದಿಗೆ ಕಣ್ಣು ತೆರದಳು.
"ಇದು."

ನಾ ಕಾಗದ ಓದಿ ಹೇಳಿದೆ:
ನೂರು ಹೆಜ್ಜಿ ಹೋಗಿ ನಿಂದ್ರಸಿ ಮತ್ತ ಬಿಗೀರಿ.
ಬರ್ಫ ಮುಗದಲ್ಲಿ ಬಿಚ್ಚಿರಿ.
ನಲವತ್ತರ ಮ್ಯಾಲ ಓಡಸಬ್ಯಾಡ್ರಿ.
ಘಾಡಿಗಾಂವಕರ ಮೊದಲ ಸಲ ನಕ್ಕ:
"ದಾದರಿನ್ಯಾಗ ನಲವತ್ತು ಯಾವಾಗ ಕಂಡೇನಿ ಬಾಯಿ?"

ತೂಗಿದೆ. ಐದೂವರೆ ಕಿಲೋ.
ರೇಟು ಕಿಲೋಕ್ಕೋ ಜೋಡಿಗೋ ತಿಳೀಲಿಲ್ಲ.
ಆಕಿ ಚೌಕಾಸಿ ಮಾಡಿ, ಗೆದ್ದು,
ಕೆಂಪು ಕೈಯಿಂದ ರೊಕ್ಕ ಎಣಿಸಿದಳು.

ಬರ್ಫ ಹತ್ತೂವರೆಗೆ ಗಟಾರಕ್ಕ ಹೋತು.
ಬೆಕ್ಕುಗಳು ಸಂಜಿತನಕ ಡಾಂಬರು ನೆಕ್ಕಿದ್ವು.
ಆ ಹರದ ಕಾಲುಚೀಲ ಮೊಳಿಗೆ ತೂಗ ಹಾಕೇನಿ,
ಯಾರು ಕೇಳಿದ್ರೂ ರೇಟು ಹೇಳೂದಿಲ್ಲ.