ಮೂರು ಗಂಟೆ

ಅರ್ಜಿಯಲ್ಲಿ ಒಂದು ಚೌಕ ಇನ್ನೂ ಖಾಲಿ:
‘ನಿಮ್ಮ ಸಂಶೋಧನೆಯ ಪ್ರಶ್ನೆ, ಐವತ್ತು ಪದ ಮೀರದಂತೆ.’
ಪಾರ್ಕಿನ್ಸನ್, ಮಿದುಳಿನ ಆಳಕ್ಕೆ ವಿದ್ಯುತ್ತು, ನಾಲ್ಕು ವರ್ಷ,
ತಿಂಗಳಿಗಿಷ್ಟು ಸ್ಟೈಪೆಂಡು. ಶುಕ್ರವಾರ ಮೂರು ಗಂಟೆಗೆ ಕೊನೆ.
ನನಗೆ ಮೂವತ್ತೆಂಟು. ಬೇತಮಂಗಲದ ಫಿಸಿಯೋಥೆರಪಿಸ್ಟ್.
ಹನ್ನೊಂದು ವರ್ಷದಿಂದ ಕಂಡವರ ಮೊಣಕಾಲು ಮಡಿಸಿ ಬಿಡಿಸಿ
ಪ್ರಶ್ನೆ ಕೇಳುವುದೇ ಮರೆತುಹೋಗಿದೆ.
ಬಗ್ಗಿಸಿ, ಇನ್ನೊಂದು ಸಲ, ಸಾಕು:
ಇಷ್ಟೇ ನನ್ನ ವ್ಯಾಕರಣ.

ಬುಧವಾರ ಚಾಂಪಿಯನ್ ರೀಫ್ಸಿನ ಲೈನ್ ಮನೆಗೆ ಹೋದೆ.
ಸೈನೈಡ್ ದಿಬ್ಬದ ಬೂದು ಧೂಳೆದ್ದು
ಒಗೆದ ಬಟ್ಟೆಯ ಮೇಲೆ ಕೂರುತ್ತಿತ್ತು;
ಸಗಾಯಮೇರಿ ಬೈಯುತ್ತ ಕೊಡವುತ್ತಿದ್ದಳು.
ಒಳಗೆ ಅವಳ ಮಾವ ಅರುಳ್‌ದಾಸ್, ಗಣಿಯ ವೈಂಡಿಂಗ್ ಡ್ರೈವರ್:
ಇಪ್ಪತ್ತಾರು ವರ್ಷ ಹಗ್ಗದ ತುದಿಯ ಕೇಜನ್ನು
ಇಳಿಸಿ ಏರಿಸಿದ ಕೈ.
ಕೆಳಗಿನವರ ಮುಖ ಅವರಿಗೆ ಕಾಣದು. ಗಂಟೆಯೇ ಭಾಷೆ.
ಒಂದು ಅಂದರೆ ನಿಲ್ಲು. ಎರಡು, ಇಳಿಸು.
ಮೂರು ಅಂದರೆ: ಈ ಸಲ ಕಲ್ಲಲ್ಲ, ಮನುಷ್ಯರು.
ಮೆಲ್ಲಗೆ.

ಆ ಕೈಯೇ ನಡುಗತೊಡಗಿ
ಚಹಾ ಲೋಟ, ಅಂಗಿಯ ಗುಂಡಿ, ಜಪಮಾಲೆಯ ಮಣಿ
ಒಂದೊಂದನ್ನೇ ಬಿಟ್ಟುಕೊಟ್ಟಿತು.
ಹೋದ ವರ್ಷ ಬೆಂಗಳೂರಿನಲ್ಲಿ ತಲೆಬುರುಡೆಗೆ ಎರಡು ತೂತು.
ಎಚ್ಚರವಾಗಿಯೇ ಇಟ್ಟಿದ್ದರಂತೆ.

‘ತಂತಿ ಇಳಿಸುತ್ತಿದ್ದರಮ್ಮ, ಕೂದಲೆಳೆಯಷ್ಟು.
ಒಂದು ಮಿಲಿಮೀಟರು. ನಿಲ್ಲು. ಇನ್ನರ್ಧ.
ಸ್ಪೀಕರಿನಲ್ಲಿ ನನ್ನದೇ ತಲೆಯ ಸದ್ದು,
ಮೊದಲು ಒಣ ಜಲ್ಲಿ ಜಾರಿದ ಹಾಗೆ,
ಆಮೇಲೆ ಏನೂ ಇಲ್ಲ, ಖಾಲಿ ಸುರಂಗ,
ಆಮೇಲೆ ಇದ್ದಕ್ಕಿದ್ದಂತೆ ಗದ್ದಲ, ಶಿಫ್ಟು ಬಿಟ್ಟ ಹೊತ್ತಿನಂತೆ.
ಇಲ್ಲೇ ಸಾರ್, ರೀಫು ಸಿಕ್ಕಿತು ಅಂದೆ.
ಡಾಕ್ಟರು ನಕ್ಕರು. ನಿಲ್ಲಿಸಿದ್ದು ಮಾತ್ರ ಅಲ್ಲೇ.’

ಈಗ ಕೊರಳೆಲುಬಿನ ಕೆಳಗೆ, ಶಿಲುಬೆ ತೂಗುವ ಬದಿಗೆ,
ಬೆಂಕಿಪೊಟ್ಟಣದಷ್ಟು ಉಬ್ಬು.
ಸೆಕೆಂಡಿಗೆ ನೂರಮೂವತ್ತು ಸಲ ಅದು ಮಿದುಳಿಗೆ ಬಡಿಯುತ್ತದೆ,
ಹಗಲು, ನಿದ್ದೆಯಲ್ಲಿ, ಬಲಿಪೂಜೆಯ ನಡುವೆಯೂ.
ಕೈ ನಿಂತಿದೆ. ತುಂಬಿದ ಲೋಟ ಎತ್ತಿ ತೋರಿಸಿದರು,
ಅಂಚಿನಲ್ಲಿ ಒಂದು ಅಲೆಯಿಲ್ಲ.
ಆದರೆ ಕರೆಂಟು ಏರಿಸಿದರೆ ನಾಲಿಗೆ ಎಡವುತ್ತದೆ,
ಇಳಿಸಿದರೆ ಬೆರಳು.
ಮೊಮ್ಮಗಳು ಜೆಸಿಂತ ಅವರ ಬಾಯಲ್ಲಿ ‘ಜೆಂತ’.
ತಿದ್ದುವುದನ್ನು ಅವಳು ಬಿಟ್ಟಿದ್ದಾಳೆ.

ಮಣಿಕಟ್ಟು ತಿರುಗಿಸುತ್ತ ಸುಮ್ಮನೆ ಕೇಳಿದೆ,
ಏನನಿಸುತ್ತದೆ ತಾತ?

ಪದಗಳನ್ನು ಒಂದೊಂದಾಗಿ ಮೇಲೆತ್ತಿದರು:
‘ಬಿಡದೆ ಗಂಟೆ ಬಾರಿಸುತ್ತಿದ್ದರೆ
ಡ್ರೈವರಿಗೆ ಏನು ಅರ್ಥವಾದೀತು?
ಕೆಳಗೆ ಏನು ನಡೆದಿದೆ ಅಂತ ಈ ಪೆಟ್ಟಿಗೆ
ಒಮ್ಮೆಯಾದರೂ ಕಿವಿಗೊಡುತ್ತದಾ?
ನಡುಕ ಬಂದಾಗ ಬಾರಿಸಲಿ. ಬರದಾಗ ಸುಮ್ಮನಿರಲಿ.
ನಾನು ಸ್ವಲ್ಪ ಮಾತಾಡಬೇಕು.’

ಇದು ಹೊಸದಲ್ಲ, ಓದಿದ್ದೇನೆ.
ಮಿದುಳಿನ ಲಯವನ್ನು ಮೊದಲು ಆಲಿಸಿ
ಬೇಕಾದಷ್ಟೇ ಮಿಡಿಯುವ ತಂತಿಯನ್ನು ಎಷ್ಟೋ ಜನ ಹುಡುಕುತ್ತಿದ್ದಾರೆ.
ನಾನು ಓದಿದ ಪ್ರಬಂಧಗಳಲ್ಲಿ ಅಂಕಿಗಳೆಲ್ಲ ಕೈಯವು.
ಜೆಸಿಂತಳ ಕಳೆದುಹೋದ ಅಕ್ಷರಕ್ಕೆ
ಒಂದು ಕಾಲಮ್ಮೂ ಇರಲಿಲ್ಲ.

ಬಸ್ಸಿನಲ್ಲಿ ಮೊಣಕಾಲ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಹಾಳೆ.
‘ತಾತ’ ಹೊಡೆದು ‘ರೋಗಿ’ ಬರೆದೆ, ಅದನ್ನೂ ಹೊಡೆದೆ.
ರಸ್ತೆಯ ಗುಂಡಿಗಳಿಗೆ ನನ್ನ ಅಕ್ಷರವೂ ನಡುಗಿತು.
ಕಿಟಕಿಯಾಚೆ ಶಾಫ್ಟಿನ ಚಕ್ರ, ತುಕ್ಕು, ಅದರ ಮೇಲೊಂದು ಕಾಗೆ.

ಮುಂದಿನ ಸ್ಟಾಪಿನಲ್ಲಿ ಕಡಲೆಕಾಯಿ ಮೂಟೆಯೊಡನೆ
ಒಬ್ಬ ಅಜ್ಜಿ ಹತ್ತುತ್ತಿದ್ದಳು.
ಕಂಡಕ್ಟರು ಸೀಟಿಯನ್ನು ತುಟಿಯಲ್ಲೇ ಹಿಡಿದು
ಅವಳ ಎರಡನೆಯ ಕಾಲು ಮೇಲೆ ಬರುವವರೆಗೂ
ಊದದೆ ನೋಡುತ್ತಿದ್ದ.