ಹಲ್ಲಿನ ಲೆಕ್ಕ

ಆ ದಿನ ಏಳನೇ ತರಗತಿಯ ಬೋರ್ಡಿಗೆ ಬರೆದೆ:
ಎಂಟು, ಒಂಬತ್ತು. ಪಕ್ಕದಲ್ಲಿ, ಸಹ-ಅವಿಭಾಜ್ಯ.
ಕಾರಟಗಿಯ ಗಾಳಿಗೆ ಸದಾ ಮಿಲ್ಲಿನ ತೌಡು;
ಬೋರ್ಡಿನ ಮೇಲೆ ಕೂತ ಧೂಳು
ಸುಣ್ಣದ್ದೋ ಅಕ್ಕಿಯದ್ದೋ ಹೇಳಲಾಗದು.

ಮೂರನೇ ಬೆಂಚಿನಿಂದ ಹುಸೇನಬಿ ಎದ್ದಳು.
"ಎಂಟು ಒಡಿತೈತ್ರಿ, ಒಂಬತ್ತೂ ಒಡಿತೈತ್ರಿ.
ಜೋಡಿ ಆದ ಕೂಡ್ಲೆ
ಹೆಂಗ ಅವಿಭಾಜ್ಯ ಆಗ್ತಾವ್ರಿ ಸರ?"

ಹಿಂದಿನ ದಿನದ ಪಾಠ ಸಲೀಸಾಗಿತ್ತು:
ಇಪ್ಪತ್ಮೂರು ಚೀಲ ಗೋದಾಮಿನಲ್ಲಿ ಒಟ್ಟಿ ನೋಡಿ,
ಸಾಲಿಗೆ ಎರಡಿಟ್ಟರೆ ಒಂದು ಉಳಿಯುತ್ತದೆ,
ಮೂರಿಟ್ಟರೆ ಎರಡು, ನಾಲ್ಕಿಟ್ಟರೆ ಮೂರು,
ಹಮಾಲರ ಬೈಗುಳ ಬೇರೆ.
ಒಂದೇ ಉದ್ದ ಸಾಲಿಗಷ್ಟೇ ಒಪ್ಪುವ ಮೊಂಡು ಸಂಖ್ಯೆ.
ಯಂಕೋಬ ಮನೆಯ ಕೋಳಿಮರಿ ಎಣಿಸಿ ಬಂದಿದ್ದ:
"ಹನ್ನೊಂದ್ರಿ! ಅವೂ ಮೊಂಡ!"

ಇದಕ್ಕೆ ನನ್ನ ಬಳಿ ಇದ್ದದ್ದು ವ್ಯಾಖ್ಯೆಯೊಂದೇ:
ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದವು.
ಹೇಳಿದೆ. ಮತ್ತೆ ಹೇಳಿದೆ, ಜೋರಾಗಿ.
ಮೇಷ್ಟರು ಯಾವಾಗ ಜೋರಾಗುತ್ತಾರೆ ಎಂಬುದು
ಮಕ್ಕಳಿಗೆ ಗೊತ್ತು.

ಸಂಜೆ ಅವಳೇ ಕರೆದೊಯ್ದಳು, ಮಾಮುವಿನ ಹತ್ತಿರ.
ದಸ್ತಗೀರ್, ಮಿಲ್ಲಿನ ಫಿಟ್ಟರ್, ಮೊಳಕೈವರೆಗೂ ಗ್ರೀಸು.
ಎಲಿವೇಟರಿನ ಬುಡದಲ್ಲಿ ಚಕ್ರ ಬಿಚ್ಚಿ ಕೂತಿದ್ದ.

"ಸಣ್ಣದಕ್ಕ ಇಪ್ಪತ್ನಾಕು ಹಲ್ಲಿದ್ವು ಸರ,
ದೊಡ್ಡದಕ್ಕ ಮೂವತ್ತಾರು. ಹನ್ನೆರಡರ ನಂಟು.
ಈ ಮುಕ್ಕಾದ ಹಲ್ಲು ಐತಲ್ಲ,
ಅದು ಆ ಕಡಿ ಮೂರೇ ಹಲ್ಲಿನ ಮ್ಯಾಲ ಬೀಳೋದು.
ಹಗಲೂ ಅವೇ ಮೂರು, ರಾತ್ರಿನೂ ಅವೇ.
ಅವು ಸವದು ಸತ್ವು,
ಉಳಿದ ಮೂವತ್ಮೂರಕ್ಕ ಸುದ್ದಿನ ಇಲ್ಲ."

ಗಂಗಾವತಿಯಿಂದ ತಂದ ಹೊಸ ಚಕ್ರ ಕೂರಿಸಿದ.
ಹುಸೇನಬಿ ಹಲ್ಲೆಣಿಸಿದಳು: ಇಪ್ಪತ್ತೈದು.
ಐದೈದಲೆ ಇಪ್ಪತ್ತೈದು, ಆರಾರಲೆ ಮೂವತ್ತಾರು,
ಒಡೆಯುವವೇ ಎರಡೂ.
ಆದರೆ ಇದು ಒಡೆಯುವ ಕಡೆ ಅದು ಒಡೆಯುವುದಿಲ್ಲ.

ಒಂದನ್ನೊಂದು ಕಚ್ಚಿದ ಎರಡು ಹಲ್ಲಿಗೆ
ಸೀಮೆಸುಣ್ಣ ಬಳಿದು ಕೈಯಲ್ಲೇ ತಿರುಗಿಸಿದೆವು.
ಹಳೆಯದಾಗಿದ್ದರೆ ಮೂರನೇ ಸುತ್ತಿಗೇ ಭೇಟಿ.
ಹತ್ತಾಯಿತು, ಇಪ್ಪತ್ತಾಯಿತು, ತೋಳು ನೋಯಿತು.
ಮೂವತ್ತಾರನೇ ಸುತ್ತಿಗೆ
ಬಿಳಿ ಬಿಳಿಯನ್ನು ಮುಟ್ಟಿತು,
ನಡುವೆ ಒಬ್ಬರನ್ನೂ ಬಿಡದೆ ಮಾತಾಡಿಸಿ.

"ಕೆಟ್ಟ ಹಲ್ಲು ಎಲ್ಲಾರಿಗೂ ಒಂದೊಂದು ಸಲ ಕಚ್ಚಲಿ.
ಒಬ್ಬನಿಗೇ ಯಾಕ್ರಿ ಸರ?"

ರಾತ್ರಿ ನಿದ್ದೆ ಬರಲಿಲ್ಲ.
ಶಾಲೆಯ ಗೋಡೆಗೆ ನಾನೇ ಅಂಟಿಸಿದ ಕಸ ಗುಡಿಸುವ ಪಟ್ಟಿ:
ಗುಂಪು ಒಂಬತ್ತು, ವಾರಕ್ಕೆ ಶಾಲಾದಿನ ಆರು.
ಭಾನುವಾರವಿಡೀ ಜಗಲಿ ದನಗಳದ್ದು,
ಸೋಮವಾರವೆಂದರೆ ಸಗಣಿ.
ಬೆರಳು ಮಡಚಿ ಎಣಿಸಿದೆ:
ಸೋಮವಾರ ಬೀಳುವುದು ಒಂದು, ನಾಲ್ಕು, ಏಳನೇ ಗುಂಪಿಗೆ.
ಎಷ್ಟು ಸುತ್ತಿದರೂ ಅವೇ ಮೂರು.
ಹುಸೇನಬಿ ನಾಲ್ಕನೇ ಗುಂಪು.
ಜೂನ್‌ನಿಂದ ಒಮ್ಮೆಯೂ ದೂರಿರಲಿಲ್ಲ.

ಮರುದಿನ ಹಳೆ ಪಟ್ಟಿ ಹರಿದೆ.
ಗುಂಪಿಗೆ ಐವರಂತೆ ಏಳು ಗುಂಪು; ಏಳು, ಆರು.
ಮಕ್ಕಳು ಮೂವತ್ನಾಲ್ಕು, ಕೊನೆಯ ಗುಂಪಿಗೆ ಒಬ್ಬರು ಕಡಿಮೆ.
ಆ ಜಾಗದಲ್ಲಿ ನನ್ನ ಹೆಸರು ಬರೆದೆ.

"ಸರ, ಒಂದು?" ಎಂದ ಯಂಕೋಬ, "ಅದು ಯಾರ ಜೋಡಿ?"
ನಾನು ಬಾಯಿ ತೆರೆಯುವ ಮೊದಲೇ ಅವಳು:
"ಒಂದೇ ಹಲ್ಲಿನ ಚಕ್ರಲೇ ಅದು.
ಎಲ್ಲಾರ ಕೂಡ ನಡಿತೈತಿ."

ಏಳು ವಾರಕ್ಕೊಂದು ಸೋಮವಾರ
ಈಗ ನನ್ನ ಕೈಗೂ ಪೊರಕೆ.